ಗೌರಮ್ಮಣಿಗೆ ಇನ್ನೊಂದು ಶಾಲು

ಕಳೆದ ಶನಿವಾರ ಒಬ್ಬ ಹುಡುಗಿಗೆ ಶಾಲು ಹೊದಿಸಿದೆ. ಅವಳು ಅದನ್ನು ತೆಗೆದು, ನೀಟಾಗಿ ಮಡಿಸಿ, ವಾಪಸ್ ನನ್ನ ಕೈಗೇ ಕೊಟ್ಟಳು. ಅದೂ ಸ್ಟೇಜಿನ ಮೇಲೆ, ಚಾಮರಾಜನಗರದ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ, ಇಡೀ ಊರಿನ ಎದುರು.

ಸನ್ಮಾನ ಬೇಡ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. (ಬೇಡ ಬೇಡ ಅನ್ನುತ್ತಲೇ ಕತ್ತು ಮುಂದಕ್ಕೆ ಚಾಚಿರುತ್ತಾರೆ.) ಹೊದಿಸಿದ್ದನ್ನು ಬಿಚ್ಚಿ ಕೊಟ್ಟವರನ್ನು ಕಂಡದ್ದು ಇದೇ ಮೊದಲು. ಹುಡುಗಿಗೆ ನಾಚಿಕೆ ಅಂತ ಸಭೆ ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಕಳೆದ ಶ್ರಾವಣಕ್ಕೆ ಹೋಗಬೇಕು.

ಆ ಕಾಲೇಜಿಗೆ ಕಂಪ್ಯೂಟರ್‌ಗಳು ಬಂದು ಇಳಿದದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾರಾದರೂ ಹೊಸ ಪೆಟ್ಟಿಗೆ ಬಿಚ್ಚುತ್ತಾರೆಯೇ? ಪ್ರಿನ್ಸಿಪಾಲರು ಫಿಸಿಕ್ಸ್ ಓದಿದವರು. ಅವರೂ ಬಿಚ್ಚಲಿಲ್ಲ. ಶ್ರಾವಣ ಹುಟ್ಟಿದ ಮೇಲೆ ಉದ್ಘಾಟನೆ ಇಟ್ಟುಕೊಂಡರು. ಪೇಪರಿನಲ್ಲಿ ವಾರವಾರ ಬರೆಯುವವನು ಊರಲ್ಲೇ ಬಿದ್ದಿದ್ದಾನೆ, ಬಸ್ ಚಾರ್ಜೂ ಉಳಿಯಿತು ಅಂತ ಟೇಪು ಕತ್ತರಿಸಲು ನನ್ನನ್ನೇ ಕರೆದರು.

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಮಾನಿಟರಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಕೀಬೋರ್ಡಿನ ಎದುರು ನಿಂಬೆಹಣ್ಣು. ಧೂಳು ಬೀಳಬಾರದು ಅಂತ ಚಪ್ಪಲಿ ಬಿಡಿಸಿ, ಆಮೇಲೆ ಊದುಬತ್ತಿ ಹಚ್ಚಿ ರೂಮಿನ ತುಂಬಾ ಹೊಗೆ ಎಬ್ಬಿಸುವ ಬುದ್ಧಿವಂತಿಕೆ ನಮ್ಮವರದ್ದೇ. ಗೋಡೆಯ ಮೇಲೆ ಕೆಂಪಕ್ಷರದ ಬೋರ್ಡು ಬೇರೆ: 'ನೋಡಿ, ಮುಟ್ಟಬೇಡಿ.'

ಹುಡುಗ ಹುಡುಗಿಯರು ಸಾಲಾಗಿ ಬಂದು ನೋಡಿದರು. ಕೆಲವರು ಕೈಮುಗಿದೂ ಹೋದರು. ಆ ಸಾಲಿನಲ್ಲಿ ಗೌರಮ್ಮಣಿ ಬಂದಳು. ತೆರಕಣಾಂಬಿಯವಳು, ಕೊನೆಯ ವರ್ಷದ ಬಿ.ಎ., ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಹುಟ್ಟಿನಿಂದ ಕಣ್ಣು ಕಾಣದು. ಗೆಳತಿಯ ಭುಜ ಹಿಡಿದು ಬಂದವಳು ಟೇಬಲ್ಲಿನ ಹತ್ತಿರ ನಿಂತು ಕೈ ಚಾಚಿದಳು.

“ಏಯ್, ಮುಟ್ಬೇಡ!” ಅಂತ ಕಂಪ್ಯೂಟರ್ ಮೇಷ್ಟ್ರು ಕೂಗಿದರು.

“ಮುಟ್ದೆ ನಾ ಎಂಗ್ ನೋಡ್ಲಿ ಸಾ?” ಅಂದಳು ಗೌರಮ್ಮಣಿ.

ದನಿಯಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜಕ್ಕೂ ಉತ್ತರ ಬೇಕಿತ್ತು.

ಮುಖ್ಯ ಅತಿಥಿಯ ಅಧಿಕಾರ ಕೊರಳಿನ ಹಾರ ಬಾಡುವವರೆಗೆ ಮಾತ್ರ. ಅದು ಬಾಡುವ ಮೊದಲೇ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿದಳು. ಕೀಬೋರ್ಡನ್ನು ಒಮ್ಮೆ ಸವರಿದಳು. ಆಮೇಲೆ ಶುರು ಮಾಡಿದಳು ನೋಡಿ! ಇಂಗ್ಲಿಷಿನಲ್ಲಿ ತನ್ನ ಹೆಸರು, ಊರು, ಕಾಲೇಜು, ಎಲ್ಲ ಟಕಟಕ ಅಂತ ಬಂತು. ಪರದೆಯ ಮೇಲೆ ಮೂಡಿದ್ದನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ಒಂದೂ ತಪ್ಪಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

“ಎಲ್ಲಿ ಕಲಿತೆಯಮ್ಮ?” ಅಂದೆ.

“ಗುಂಡ್ಲುಪೇಟೇಲಿ ಟೈಪಿಂಗ್ ಕಲ್ತೆ ಸಾ. ಬೆರಳು ನೋಡ್ಕಂಡು ಟೈಪ್ ಮಾಡೋರ್ಗೆಲ್ಲ ಅಲ್ಲಿ ಮೇಷ್ಟ್ರು ಸ್ಕೇಲಲ್ಲಿ ಬುಡೋರು. ನಂಗೊಬ್ಳಿಗೇ ಒಂದೇಟೂ ಬೀಳ್ನಿಲ್ಲ,” ಅಂತ ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು: “ಸಾ, ಇಲ್ಲಿ ಕಂಪ್ಯೂಟರ್ ಕೋರ್ಸ್ ಶುರುವಾಯ್ತದಂತಲ್ಲ, ನಾನೂ ಸೇರ್ಕಬೌದಾ? ಪರದೆ ಮೇಲಿರೋದ ಕಂಪ್ಯೂಟ್ರೇ ಓದ್ಬುಡ್ತದಂತೆ, ರೇಡಿಯೋಲಿ ಕೇಳ್ದೆ.”

ಪ್ರಿನ್ಸಿಪಾಲರು “ನೋಡೋಣಮ್ಮ” ಅಂದರು.

ನಮ್ಮ ಕಡೆ ದೊಡ್ಡ ಮನುಷ್ಯರು 'ನೋಡೋಣ' ಅಂದರೆ ಏನರ್ಥ ಅಂತ ನಿಮಗೆ ನಾನು ಹೇಳಬೇಕೆ?

ಕಾಫಿಗೆ ಕೂತಾಗ ನಾನೇ ಮಾತು ತೆಗೆದೆ. ಪ್ರಿನ್ಸಿಪಾಲರು ಕೆಟ್ಟವರಲ್ಲ. ಫೀಸು ಕಟ್ಟಲಾಗದ ಹುಡುಗರಿಗೆ ಜೇಬಿನಿಂದ ಕೊಡುವವರು. ಆದರೆ ರೂಲ್ಸ್ ಅಂದರೆ ಒಂದಕ್ಷರ ದಾಟುವವರಲ್ಲ. “ಪ್ರಾಸ್ಪೆಕ್ಟಸ್‌ನಲ್ಲಿ ಅಭ್ಯರ್ಥಿಯ ದೃಷ್ಟಿ ಸರಿಯಿರಬೇಕು ಅಂತ ಇದೆಯಲ್ಲ ಸಾರ್” ಅಂದರು.

“ದಿಲ್ಲಿಯಲ್ಲಿ ಅಂಗವಿಕಲರಿಗೆ ಅಂತಲೇ ತೊಂಬತ್ತೈದರಲ್ಲಿ ಹೊಸ ಕಾನೂನು ಬಂದಿದೆಯಲ್ಲ ಸ್ವಾಮಿ? ಓದುವುದಕ್ಕೆ ಅವಕಾಶ ಕೊಡಬೇಕು, ಅನುಕೂಲ ಮಾಡಬೇಕು ಅಂತ?”

“ಕಾನೂನು ಬಂದಿದೆ. ಸರ್ಕ್ಯುಲರ್ ಬಂದಿಲ್ಲ.”

ಬಂದರೆ ಕುರ್ಚಿ ಹೋಗುತ್ತದೆ ಅಂತ ಮುಖ್ಯಮಂತ್ರಿಗಳೇ ಬರಲು ಹೆದರುವ ಊರು ನಮ್ಮದು. ಕಾನೂನಿಗೂ ಯಾರೋ ಕಿವಿ ಊದಿರಬೇಕು.

ಕೋರ್ಸ್ ಶುರುವಾಯಿತು, ಗೌರಮ್ಮಣಿ ಇಲ್ಲದೆ. ಓದಿ ಹೇಳುವ ಸಾಫ್ಟ್‌ವೇರ್ ಎಲ್ಲಿ ಸಿಗುತ್ತದೆ ಅಂತ ವಿಚಾರಿಸೋಣ ಅಂದೆ. ಕಂಪ್ಯೂಟರ್ ಮೇಷ್ಟ್ರು, “ಮಾತಾಡೋ ಕಂಪ್ಯೂಟರಾ? ನೀವು ಕಾಲಂ ಬರೀರಿ ಸಾರ್” ಅಂತ ನಕ್ಕರು.

ಆದರೆ ಅವಳನ್ನು ಕಾಲೇಜು ಮರೆಯಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತೇನೋ! ಆಗಸ್ಟ್ ಹದಿನೈದಕ್ಕೆ ಸ್ಟೇಜಿನ ಮೇಲೆ ಕಂಪ್ಯೂಟರ್ ಇಟ್ಟು ಅವಳಿಂದ ಟೈಪ್ ಮಾಡಿಸಿದರು. ಶಾಲು ಹೊದಿಸಿದರು. ರಾಜ್ಯೋತ್ಸವಕ್ಕೆ ಮತ್ತೆ ಕರೆದರು, ಮತ್ತೆ ಶಾಲು. ಯಾವ ಅತಿಥಿ ಬಂದರೂ ಅದೇ ಕಾರ್ಯಕ್ರಮ. ಅವಳು ಅವರ ಹೆಸರು ಟೈಪ್ ಮಾಡಬೇಕು, ಅವರು ಪರದೆ ನೋಡಿ ಮೈಕಿನಲ್ಲಿ ಓದಬೇಕು, ಜನ ಅಬ್ಬಬ್ಬಾ ಅನ್ನಬೇಕು. ಫೋಟೊ ತೆಗೆದ ಮೇಲೆ ಕಂಪ್ಯೂಟರ್ ತನ್ನ ರೂಮಿಗೆ, ಗೌರಮ್ಮಣಿ ಬಸ್ ಸ್ಟ್ಯಾಂಡಿಗೆ. ಮಾರನೆಯ ದಿನ ಅದೇ ರೂಮಿನ ಬಾಗಿಲಿಗೆ ಅವಳು ಹೋದರೆ ಪ್ರವೇಶವಿಲ್ಲ!

ಹೋದ ವಾರ ಪ್ರಿನ್ಸಿಪಾಲರು ಫೋನ್ ಮಾಡಿದರು. “ವಾರ್ಷಿಕೋತ್ಸವಕ್ಕೆ ನೀವು ಬರಲೇಬೇಕು ಸಾರ್. ನಮ್ಮ ಗೌರಮ್ಮಣಿಗೆ ಈ ಸಲ ಏನೋ ಸ್ಪೆಷಲ್ ಇದೆ.”

ಸೀಟು ಅಂದುಕೊಂಡೆ. ನಾನೊಬ್ಬನೇ ಅಲ್ಲ, ಅವಳೂ ಹಾಗೇ ಅಂದುಕೊಂಡಿದ್ದಳು. ಅವರವ್ವ ಕೂಲಿ ಬಿಟ್ಟು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟು ಬಂದಿದ್ದರು. ಮುಂದಿನ ಸಾಲಿನಲ್ಲಿ ಕೂತು ನನ್ನನ್ನು ಕಂಡು ಕೈಮುಗಿದರು. “ಪರೀಕ್ಸೆ ಮುಗುದ್ರೆ ಬಸ್ ಪಾಸೂ ಮುಗೀತು ಬುದ್ದಿ. ಆಮೇಕೆ ಇವ್ಳು ಮನೆ ಬುಟ್ಟು ಎಲ್ಲಿಗೋದಾಳು? ಇದೊಂದು ಸಿಕ್ಬುಟ್ರೆ ಕೂಸು ಒಂದು ದಾರಿ ಕಂಡ್ಕತ್ತದೆ,” ಅಂದರು.

ಸ್ಪೆಷಲ್ ಏನು ಅಂತ ಸ್ಟೇಜಿನ ಮೇಲೆ ಗೊತ್ತಾಯಿತು. ಜರಿಯಂಚಿನ ದೊಡ್ಡ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ.

ಮೊದಲು ಟೈಪಿಂಗ್. ನನ್ನ ಹೆಸರು ಬರುತ್ತದೆ ಅಂತ ಮೈಕ್ ಹಿಡಿದು ಕಾಯುತ್ತಿದ್ದೆ. ಅವಳ ಬೆರಳು ನಿಂತವು. ಪರದೆ ನೋಡಿದೆ. ಇಂಗ್ಲಿಷಿನಲ್ಲಿ ಒಂದೇ ಸಾಲು: ನನ್ನನ್ನು ಕೋರ್ಸಿಗೆ ಸೇರಿಸಿಕೊಳ್ಳುತ್ತೀರಾ ಸಾರ್?

ಮೈಕಿನಲ್ಲಿ ಗಟ್ಟಿಯಾಗಿ ಓದಿದೆ, ಕನ್ನಡದಲ್ಲೂ ಹೇಳಿದೆ. ಎಲ್ಲರೂ ಪ್ರಿನ್ಸಿಪಾಲರ ಮುಖ ನೋಡಿದರು.

ಅವರು ಎದ್ದರು. ಗಂಟಲು ಸರಿ ಮಾಡಿಕೊಂಡರು. “ನೋಡಿ, ಒಂದಾದರೂ ಸ್ಪೆಲಿಂಗ್ ಮಿಸ್ಟೇಕ್ ಇದೆಯಾ? ಜೋರಾಗಿ ಚಪ್ಪಾಳೆ!” ಅಂದರು.

ಬಿತ್ತು ಚಪ್ಪಾಳೆ. ಎಂಥ ಚಪ್ಪಾಳೆ ಅಂತೀರಿ! ಆ ಸದ್ದಿನಲ್ಲೇ ಯಾರೋ ಶಾಲನ್ನು ನನ್ನ ಕೈಗಿಟ್ಟರು, ನಾನು ಹೊದಿಸಿದೆ, ಅವಳು ವಾಪಸ್ ಕೊಟ್ಟಳು. ಮುಂದಿನ ಸಾಲಿನಲ್ಲಿ ಅವರವ್ವನ ಮುಖ ನೋಡಲಾಗಲಿಲ್ಲ.

ಕೆಳಗಿಳಿದು ಬಂದ ಪ್ರಿನ್ಸಿಪಾಲರು ನನ್ನ ಕೈ ಹಿಡಿದುಕೊಂಡರು. “ಬೇಜಾರು ಮಾಡಿಕೊಳ್ಳಬೇಡಿ ಸಾರ್. ಮುಂದಿನ ವರ್ಷ ಸರ್ಕ್ಯುಲರ್ ಬರಬಹುದು” ಅಂದರು. ಅವರ ಕಣ್ಣೂ ಒದ್ದೆಯಾಗಿತ್ತು ಅಂದರೆ ನಂಬುತ್ತೀರಾ? ಒದ್ದೆಯಾದ ಕಣ್ಣಿಗೂ ಸಹಿ ಹಾಕುವ ಕೈಗೂ ಅದೇನು ವೈರವೋ! ಅವಳ ಪಾಲಿಗೆ ಮುಂದಿನ ವರ್ಷ ಅನ್ನುವುದು ಎಲ್ಲಿದೆ?

ಬಸ್ ಸ್ಟ್ಯಾಂಡಿಗೆ ಹೋದೆ. ತೆರಕಣಾಂಬಿ ಮೇಲೆ ಹೋಗುವ ಗುಂಡ್ಲುಪೇಟೆ ಬಸ್ಸು ಇನ್ನೂ ಬಂದಿರಲಿಲ್ಲ. ಮಾರ್ಚ್ ಬಿಸಿಲು ಧಗಧಗ ಅನ್ನುತ್ತಿತ್ತು. ಅವ್ವ ಸೆರಗಿನಲ್ಲಿ ಮಗಳ ಮುಖ ಒರೆಸುತ್ತಾ, “ದೊಡ್ಡೋರು ಕೊಟ್ಟಿದ್ದ ಅಂಗೆ ವಾಪಸ್ ಕೊಡ್ಬಾರ್ದು ಕಣಮ್ಮಿ” ಅಂತ ಬೈಯುತ್ತಿದ್ದರು.

ಕೈಯಲ್ಲೇ ಉಳಿದಿದ್ದ ಶಾಲನ್ನು ಮುಂದೆ ಹಿಡಿದೆ. “ಇಟ್ಕೊಳ್ಳಮ್ಮ, ನಿನಗೇ ತಂದದ್ದು.”

ಗೌರಮ್ಮಣಿ ಅದರ ಜರಿಯಂಚನ್ನು ಬೆರಳಿನಲ್ಲಿ ಮೆಲ್ಲಗೆ ಸವರಿದಳು. ಆಮೇಲೆ ನನ್ನ ಕಡೆಗೇ ತಳ್ಳಿದಳು.

“ಮನೇಲಿ ರಾಶಿ ಬಿದ್ದವೆ ಸಾ. ನಮ್ಮ ತೆರಕಣಾಂಬೀಲಿ ಅಷ್ಟೊಂದು ಚಳಿ ಎಲ್ಲದೆ?”