ಹಣ್ಣಾದ ಹುಳುಗಳ ನಡುವೆ ಒಂದು ಚರಣ

ಆ ದಿನ ಎಷ್ಟು ರೇಷ್ಮೆಹುಳು ಆರಿಸಿದೆ ಎಂದು ಯಾರಾದರೂ ಕೇಳಿದರೆ ಸಾವಿರ ಎನ್ನುತ್ತೇನೆ. ಬಹುಶಃ ನಲವತ್ತಿರಬೇಕು. ಗಿಟಾರಿನ ತಂತಿಯೊಂದು ನಿಜಕ್ಕೂ ಹರಿದಿತ್ತೋ, ಆಮೇಲೆ ಕಥೆ ಹೇಳುವಾಗ ನಾನೇ ಹರಿದೆನೋ, ಅದೂ ತಿಳಿಯದು. ಅಡಿಟಿಪ್ಪಣಿ ಇಲ್ಲದ ಸಾಲನ್ನು ನಂಬಬೇಡ ಎಂದು ವಿಶ್ವವಿದ್ಯಾಲಯ ಐದು ವರ್ಷ ಕಲಿಸಿತು. ಈ ಪುಟಕ್ಕೆ ಅಡಿಟಿಪ್ಪಣಿ ಎಲ್ಲಿಂದ ತರಲಿ?

ಗೆಳತಿ ಹಾಡುತ್ತಿದ್ದಳು. ನಾನು ಗಿಟಾರ್ ನುಡಿಸುತ್ತಿದ್ದೆ, ಅಂದರೆ ನಾಲ್ಕು ಕಾರ್ಡ್ ಹಿಡಿಯಲು ಬರುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಹೊಸಬರಿಗೆಂದು ಒಂದು ಕಾರ್ಯಕ್ರಮವಿತ್ತು. ಅದಕ್ಕೆ ಆಯ್ಕೆಯಾಗಲು ಹಾಡು ಸ್ವಂತದ್ದಾಗಿರಬೇಕು, ರೆಕಾರ್ಡ್ ಮಾಡಿ ಆ ಸಂಜೆ ಐದರೊಳಗೆ ಕಳಿಸಬೇಕು. ಎರಡು ವರ್ಷ ಮದುವೆ ಆರ್ಕೆಸ್ಟ್ರಾಗಳಲ್ಲಿ ಬೇರೆಯವರ ಹಾಡುಗಳನ್ನೇ ಹಾಡಿ ಬೇಸತ್ತಿದ್ದ ಅವಳಿಗೆ ಆ ವೇದಿಕೆ ಬೇಕೇ ಬೇಕಿತ್ತು. ಪಲ್ಲವಿ ಇತ್ತು, ಚರಣ ಹುಟ್ಟಿರಲಿಲ್ಲ. ಅದನ್ನು ಹುಟ್ಟಿಸಲೆಂದೇ ಶಿಡ್ಲಘಟ್ಟದ ಹತ್ತಿರದ ಅವಳ ಊರಿಗೆ ಬಸ್ಸು ಹತ್ತಿದೆ.

ಹೋಗಿ ನೋಡಿದರೆ, ಅವರ ಮನೆಯಲ್ಲಿ ಸಾಕಿದ್ದ ರೇಷ್ಮೆಹುಳುಗಳು ಒಂದು ದಿನ ಮುಂಚೆಯೇ ಹಣ್ಣಾಗಿವೆ! ಹಣ್ಣಾದ ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ, ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿಗೆ ಬಿಡಬೇಕು. ಅದು ಯಾರಿಗಾಗಿಯೂ ಕಾಯುವ ಕೆಲಸವಲ್ಲ.

"ಅಮ್ಮಾ, ಐದು ಗಂಟೆಗೆ ಕಳಿಸ್ಬೇಕು ಕಣಮ್ಮಾ."

"ನಿನ್ ಪಾಟ ಮುಗಿಯೋವರ್ಗೂ ಹುಳ ಕಾಯ್ತಾವೇನಮ್ಮಾ? ಬಾ, ಕೈ ಹಾಕು," ಎಂದ ಅವಳ ತಾಯಿ ನನ್ನತ್ತ ತಿರುಗಿದರು. "ನೀನೂ ಬಾರಪ್ಪಾ. ಆ ಡಬ್ಬಾನ ಆಚೆ ಇಟ್ಬಿಡು."

ಪಾಟ ಎಂದರೆ ಆ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಹಾಡು, ಡಬ್ಬಾ ಎಂದರೆ ನನ್ನ ಗಿಟಾರ್.

ಮೊದಲ ಹುಳು ಅಂಗೈಯಲ್ಲಿ ತಣ್ಣಗೆ ಹೊರಳಿದಾಗ ಕಿರುಚಿದೆ. "ಹೆದರ್ಬೇಡಪ್ಪಾ, ಎಂ.ಎ. ಓದಿರೋರ್ನ ಕಚ್ಚಲ್ಲ," ಎಂದರು ಪಕ್ಕದ ಮನೆಯ ಅಕ್ಕ. ಹುಳುಮನೆಯಲ್ಲಿದ್ದ ಐದಾರು ಹೆಂಗಸರು ಬಿದ್ದು ಬಿದ್ದು ನಕ್ಕರು.

ಗೆಳತಿ ಕೈ ನಿಲ್ಲಿಸದೆ ಪಲ್ಲವಿ ಹಾಡಿದಳು. ಕಡಲಿನ ಮುಂದೆ ನಿಂತು ಕಣ್ಣೀರಿಡುವ ಹಾಡು.

"ಸಮುದ್ರ ನೋಡಿದೀಯೇನಮ್ಮಾ ನೀನು?" ತಾಯಿ ಕೇಳಿದರು.

"ಇಲ್ಲ."

"ಮತ್ಯಾಕಮ್ಮಾ ಹೋಗಿ ಹೋಗಿ ಅದರ ಮುಂದೆ ಅಳ್ತೀಯ?"

ಮತ್ತೆ ನಗು. ಗೆಳತಿಯ ಮುಖ ಕೆಂಪಾಯಿತು, ಆಮೇಲೆ ಅವಳೂ ನಕ್ಕಳು. ಪಕ್ಕದ ಮನೆಯ ಅಕ್ಕ ಹುಳುವೊಂದನ್ನು ಎತ್ತಿ ಹಿಡಿದು, "ಇದ್ರ ಬಗ್ಗೆ ಹಾಡೇ. ಹೆಂಗೆ ನೋಡ್ತೈತೆ ನೋಡು, ಮನೆ ಎಲ್ಲಿ ಕಟ್ಲಿ ಅಂತ," ಎಂದರು.

ಗೆಳತಿ ಅದೇ ರಾಗಕ್ಕೆ ಮೆಲ್ಲಗೆ ಹಾಡಿಕೊಂಡಳು:

ಉಂಡದ್ದು ಸಾಕಾಯ್ತು, ತಲೆಯೆತ್ತಿ ನಿಂತೆ,
ಎಲ್ಲಿ ನೂಲಲಿ ಹೇಳೇ, ಎಲ್ಲಿ ನೂಲಲಿ?

ಅಷ್ಟೇ! ಕಡಲು ಕೊಚ್ಚಿಹೋಯಿತು. ಎರಡನೇ ಸಾಲಿಗೆ ಎಲ್ಲರೂ ದನಿಗೂಡಿಸಿದರು. ಒಬ್ಬರು ತೆಲುಗಿನಲ್ಲಿ ಏನೋ ಸೇರಿಸಿದರು, ಗೆಳತಿ ಅದನ್ನು ಕನ್ನಡಕ್ಕೆ ತಿರುಗಿಸಿ ಚರಣ ಮಾಡಿದಳು. ತಾಳಕ್ಕೆ ತಕ್ಕಂತೆ ಕೈಗಳು ಓಡಿದವು, ಅಥವಾ ಕೈಗಳಿಗೆ ತಕ್ಕಂತೆ ತಾಳ. ಸಂಗೀತದ ಶಕ್ತಿ ಎಂಬ ಮಾತು ಕೇಳಿದರೇ ಮೂಗು ಮುರಿಯುವ ನಾನು, ಎರಡೂ ಕೈಯಲ್ಲಿ ಹುಳು ಹಿಡಿದು ಕುಣಿಯುತ್ತಿದ್ದೆ.

ಫೋನನ್ನು ಹುಳುವಿನ ತಟ್ಟೆಯ ಅಂಚಿಗೆ ಒರಗಿಸಿ ಒಂದೇ ಸಲಕ್ಕೆ ರೆಕಾರ್ಡ್ ಮಾಡಿದೆವು. ನಡುವೆ ತಾಯಿ, "ಆ ಮೂಲೇಲಿ ಹುಳ ಬಿಟ್ಬಿಟ್ರಲ್ರೇ!" ಎಂದು ಕೂಗಿದ್ದೂ ಅದರಲ್ಲಿ ಸೇರಿತು. ಮತ್ತೆ ಮಾಡಲು ಹೊತ್ತಿರಲಿಲ್ಲ. ಗೆಳತಿ ಅಂಟುಗೈಯಲ್ಲೇ ಸಿಗ್ನಲ್ ಸಿಗುವ ತಾರಸಿಗೆ ಓಡಿ ಐದಕ್ಕೆ ಇನ್ನೂ ಎರಡು ನಿಮಿಷ ಇರುವಾಗ ಕಳಿಸಿದಳು. ಎರಡು ನಿಮಿಷ ಎಂಬುದು ಅವಳ ಲೆಕ್ಕ.

ಅವಳು ಆಯ್ಕೆಯಾದಳು. ಚಿಕ್ಕಬಳ್ಳಾಪುರದ ಸಭೆಯಲ್ಲಿ ಜನ ಅವಳನ್ನು ವೇದಿಕೆಯಿಂದ ಇಳಿಯಲು ಬಿಡಲಿಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೇಳಿದಷ್ಟೂ ಅನುಮಾನ ಹೆಚ್ಚಿತು. ಮೊನ್ನೆ ಅವಳ ಹತ್ತಿರ ಆ ದಿನದ ವಿಡಿಯೋ ಕೇಳಿ ತರಿಸಿಕೊಂಡು ಪೂರ್ತಿ ನೋಡಿದೆ. ಹಾಡು ಮುಗಿಯುತ್ತದೆ, ಅವಳು ಕೈಮುಗಿದು ಹೊರಡುತ್ತಾಳೆ, ಹಿಂದಿನ ಸಾಲಿನಿಂದ ಯಾರೋ "ಇನ್ನೊಂದ್ಸಲ ಹಾಡಮ್ಮಾ" ಎನ್ನುತ್ತಾರೆ. ಅವಳು ಮೈಕಿನ ಬಳಿಗೆ ಮರಳಿ ತನ್ನ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹಾಡುತ್ತಾಳೆ.