ನೋಡೋಣ್ರಿ ಎಂದವರ ಮನೆಯಲ್ಲಿ

ಕೋವಿಡ್ ಕಳೆದ ಮೇಲಿನ ಮಾತು. ಆಗ ನಾನು ಪುಣೆಯಲ್ಲಿ ಡೆನ್ಮಾರ್ಕಿನ ಯಂತ್ರ ಕಂಪನಿಯೊಂದರ ಸೋರ್ಸಿಂಗ್ ಮ್ಯಾನೇಜರ್. ಬಿಡಿಭಾಗ ಮಾಡಿಕೊಡುವ ಕಾರ್ಖಾನೆಗಳನ್ನು ಹುಡುಕಿ ಒಪ್ಪಂದದವರೆಗೆ ತರುವುದು ನನ್ನ ಕೆಲಸ. ಪುಣೆ ಪಕ್ಕದ ಚಾಕಣದಲ್ಲಿ ಲೋಹ ಕರಗಿಸಿ ಎರಕ ಹೊಯ್ಯುವ ಒಂದು ಫೌಂಡ್ರಿ ನನಗೆ ತುಂಬ ಹಿಡಿಸಿತ್ತು. ಬೆಳಗಾವಿ ಕಡೆಯ ಅಣ್ಣತಮ್ಮಂದಿರದು. ಅಣ್ಣ ಶಿವಪ್ಪ ಕಚೇರಿ ನೋಡುತ್ತಿದ್ದರು, ತಮ್ಮ ಮಹಾಂತೇಶ ಕುಲುಮೆ.

ಮಾದರಿಗಳು ಪಾಸಾದವು. ಹಳೆಯ ಕುಲುಮೆಯ ಬದಲು ಹೊಸ ಫರ್ನೇಸ್ ಹಾಕಲು ನಮ್ಮ ಕಂಪನಿಯೂ ಕೈಜೋಡಿಸುವುದೆಂದಾಯಿತು. ಸಹಿಯೊಂದೇ ಬಾಕಿ. ಆದರೆ ಫೋನ್ ಮಾಡಿದಾಗಲೆಲ್ಲ ಶಿವಪ್ಪನವರದು ಒಂದೇ ಮಾತು: "ನೋಡೋಣ್ರಿ." ನಮ್ಮ ಧಾರವಾಡದಲ್ಲಿ ಎಷ್ಟೋ ಸಲ ಅದರ ಅರ್ಥ 'ಬೇಡ' ಎಂದೇ. ಡೆನ್ಮಾರ್ಕಿನಿಂದ ಬಂದಿದ್ದ ನನ್ನ ಮೇಲಧಿಕಾರಿ ಲಾರ್ಸ್, "ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರು" ಎಂದ.

ಮನಸ್ಸು ತಡೆಯದೆ ಒಂದು ಭಾನುವಾರ ಶಿವಪ್ಪನವರ ಮನೆಗೇ ಹೋದೆ. ಪಡಸಾಲೆಯ ಮಂಚದ ಮೇಲೆ ಮಹಾಂತೇಶ ಮಲಗಿದ್ದರು. ಹೃದಯದ ಆಪರೇಷನ್ ಆಗಿತ್ತು. ಹೊರಗೆ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನು ಕಳಿಸಲು ಗೇಟಿನವರೆಗೆ ಬಂದ ಶಿವಪ್ಪ ದನಿ ತಗ್ಗಿಸಿದರು.

"ಅಂವಾ ಎದ್ದು ಕೂಡೂಕಿಂತ ಮೊದಲ ಸಹಿ ಹಾಕಿದ್ರ, 'ನೀ ಇಲ್ಲದನೂ ನಡೀತದ' ಅಂದಂಗ ಆಗ್ತದ್ರೀ."

"ಲಾರ್ಸ್ ಅವರಿಗೆ ಹೇಳಬಹುದಿತ್ತಲ್ರೀ?"

"ಮನೀ ಬ್ಯಾನಿ ವ್ಯವಹಾರದಾಗ ಯಾಕ ತರೂದು?"

ಅವರ ಒಪ್ಪಿಗೆ ಪಡೆದು ಲಾರ್ಸ್‌ಗೆ ಹೇಳಿದೆ. ಅವನು, "ರೋಗಿಯನ್ನು ನೋಡಲು ಏನು ತೆಗೆದುಕೊಂಡು ಹೋಗಬೇಕು?" ಎಂದು ಕೇಳಿದ. ದಾಳಿಂಬೆ ಕೊಂಡೆವು. ಒಪ್ಪಂದದ ಫೈಲು ಒಯ್ಯದೆ ಇಬ್ಬರೂ ಅವರ ಮನೆಗೆ ಹೋದೆವು. ಹಾಗಿದ್ದರೂ ಮಹಾಂತೇಶರೇ ವಿಷಯಕ್ಕೆ ಬಂದರು. "ಹೊಸಾ ಫರ್ನೇಸ್ ಬಂದ್ರ ನನ್ನ ಹಳೇ ಮಂದಿ ಎಲ್ಲಿ ಹೋಗ್ಬೇಕು, ಕೇಳ್ರಿ ಅವರಿಗೆ."

ನಾನು ಅನುವಾದಿಸಿದೆ. "ಅದನ್ನು ನಾವು ಯೋಚಿಸಿಯೇ ಇರಲಿಲ್ಲ" ಎಂದು ಲಾರ್ಸ್ ಒಪ್ಪಿಕೊಂಡ. ಮುಖ್ಯ ಕಚೇರಿಯೊಡನೆ ಜಗ್ಗಾಡಿ ಗಡುವು ಮುಂದೂಡಿಸಿದ, ಹಳೆಯ ಕೆಲಸಗಾರರ ತರಬೇತಿಯನ್ನೂ ಒಪ್ಪಂದಕ್ಕೆ ಸೇರಿಸಿದ. ಗಣಪತಿ ಹಬ್ಬ ಮುಗಿದ ಮೇಲೆ ಅಣ್ಣತಮ್ಮ ಅಕ್ಕಪಕ್ಕ ಕೂತು ಸಹಿ ಹಾಕಿದರು.

ಮರುವರ್ಷ ಹೊಸ ಬಿಡಿಭಾಗವೊಂದರ ಡ್ರಾಯಿಂಗ್‌ಗೆ ಡೆನ್ಮಾರ್ಕಿನ ಒಪ್ಪಿಗೆ ವಾರಗಟ್ಟಲೆ ಬರಲಿಲ್ಲ. ಶಿವಪ್ಪನವರ ಫೋನ್ ಬಂತು. ಬೈಯುತ್ತಾರೆಂದುಕೊಂಡೆ.

"ಅಕ್ಕಾರ, ಲಾರ್ಸ್ ಸಾಹೇಬರ ಕಡೆ ಎಲ್ಲಾರೂ ಆರಾಮ ಅದಾರಿಲ್ಲೋ?"

ವಿಚಾರಿಸಿದೆ. ಡ್ರಾಯಿಂಗ್ ಮಾಡಿದ ಎಂಜಿನಿಯರ್‌ಗೆ ಮಗಳು ಹುಟ್ಟಿದ್ದಳು. ಅವನು ರಜೆ ಮುಗಿಸಿ ಬರದೆ ಅದನ್ನು ಪಾಸು ಮಾಡಲು ಅವನ ತಂಡ ಒಲ್ಲೆ ಎಂದಿತ್ತು. ಶಿವಪ್ಪನವರಿಗೆ ತಿಳಿಸಿದೆ.

"ಹೌದ್ರಿ? ಭಾಳ ಚೊಲೋ ಆತು. ಬರ್ಲಿ ತಗೋರಿ, ನಮಗೇನೂ ಗಡಿಬಿಡಿ ಇಲ್ಲ."

ಉತ್ತರ ತಡವಾದರೆ ನಾನೀಗ ನೆನಪಿಸುವ ಇಮೇಲ್ ಕಳಿಸುವುದಿಲ್ಲ. ಮೊದಲು ಫೋನ್ ಮಾಡಿ ಕ್ಷೇಮ ವಿಚಾರಿಸುತ್ತೇನೆ.