ತುಕುಂ ಕೇರಿಗೆ ನಂಬರು ಬರೆದ ಜುಸಾರ

ತೆರೆಸೀನಾ ಊರಿನ ಅಂಚಿಗೆ, ಪೋತಿ ನದಿಯಾಚೆ, ತಾಳೆಕಾಡು ಕಡಿದಲ್ಲಿ ಎದ್ದ ತುಕುಂ ಕೇರಿಯಲ್ಲಿ ಜುಸಾರಳ ಬಾಯಿಗೆ ಹೆದರದವರಿರಲಿಲ್ಲ. ಶಾಲೆಯ ಮಧ್ಯಾಹ್ನದ ಅಡುಗೆ ಅವಳದು. ಯಾವ ಮಗು ಎರಡು ಸಲ ಬಡಿಸಿಕೊಳ್ಳುತ್ತದೆ, ಯಾವುದು ಅವರೆಕಾಳನ್ನು ಬದಿಗಿಡುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಆ ವರ್ಷ ಮೇ ತಿಂಗಳಲ್ಲಿ ಮಳೆಗಾಲ ಕಳೆದ ಮೇಲೆ, ಮಕ್ಕಳಿಗೆ ಇಷ್ಟದ ಒಣಮಾಂಸದ ಅನ್ನ ಮಾಡಿದ ದಿನವೇ ಆರು ವರ್ಷದ ತೈನಾರ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದಳು.

"ಯಾಕೆ ಕೂಸೇ, ನನ್ನ ಕೈರುಚಿ ಕೆಟ್ಟೋಯ್ತಾ?"

"ಹೊಟ್ಟೆ ತುಂಬಿದೆ ಅತ್ತೆ."

ಜುಸಾರ ಮಗುವಿನ ಅಂಗಿ ಎತ್ತಿ ಎಡಪಕ್ಕೆಯ ಕೆಳಗೆ ಕೈಯಿಟ್ಟಳು. ಪರಂಗಿಕಾಯಿಯಂಥ ಗಟ್ಟಿ ಗಡ್ಡೆ ಕೈಗೆ ಸಿಕ್ಕಿತು. ಮೈ ಬೆಚ್ಚಗಿತ್ತು. ಹನ್ನೊಂದು ವರ್ಷದ ಹಿಂದೆ ಅವಳ ಮಗನೂ ಹೀಗೆಯೇ ಹೊಟ್ಟೆ ಊದಿಕೊಂಡು, ಕೈಕಾಲು ಕಡ್ಡಿಯಾಗಿ ತೀರಿಕೊಂಡಿದ್ದ. ಆಗ ಎಲ್ಲರೂ ಜಂತುಹುಳವೆಂದಿದ್ದರು. ಮರಳುನೊಣ ಕಚ್ಚಿ ಬರುವ ಕಲಜಾರ್ ಜ್ವರವೆಂದು ತಿಳಿದದ್ದು ಮಣ್ಣು ಮಾಡಿದ ಮೇಲೆ.

ಮರುದಿನವೇ ಅವಳು ತೈನಾರಳನ್ನೂ ತಾಯಿ ನೆಉರಾಸಿಯನ್ನೂ ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಗುಮಾಸ್ತ ವಿಳಾಸ ಕೇಳಿದ. ಕೇರಿಗೆ ಬೀದಿಯ ಹೆಸರಿಲ್ಲ, ಮನೆಗೆ ನಂಬರಿಲ್ಲ. ನೆಉರಾಸಿ ಪೇಟೆಯಲ್ಲಿದ್ದ ತಂಗಿಯ ಮನೆಯ ವಿಳಾಸ ಕೊಟ್ಟಳು. ಕೇರಿಯವರೆಲ್ಲ ಹಾಗೇ ಮಾಡುತ್ತಿದ್ದದ್ದು. ಮೂಳೆಮಜ್ಜೆ ತೆಗೆದು ನೋಡಿದರು, ಕಲಜಾರೇ. ದಿನಕ್ಕೊಂದರಂತೆ ಇಪ್ಪತ್ತು ಇಂಜೆಕ್ಷನ್ ಕೊಟ್ಟರು. ಮಗು ಉಳಿಯಿತು.

ಆದರೆ ಎರಡು ತಿಂಗಳಲ್ಲಿ ಇನ್ನೂ ನಾಲ್ಕು ತಟ್ಟೆಗಳು ಅರ್ಧಕ್ಕೇ ಉಳಿಯತೊಡಗಿದವು. ನಾಲ್ಕೂ ಮಕ್ಕಳು ಕೋಳಿಗೂಡುಗಳ ಹಿಂದಿನ ಸಾಲಿನವೇ. ಅವರನ್ನೂ ಆಸ್ಪತ್ರೆಗೆ ಸೇರಿಸಿ ಜುಸಾರ ನೇರವಾಗಿ ನಗರದ ರೋಗ ನಿಯಂತ್ರಣ ಕಚೇರಿಗೆ ಹೋದಳು. ಅಲ್ಲಿ ಅನೀಸಿಯೊ ಎಂಬ ಅಧಿಕಾರಿಯ ಹಿಂದೆ ಗೋಡೆ ತುಂಬ ನಕ್ಷೆ, ರೋಗಿಗೊಂದು ಕೆಂಪು ಗುಂಡುಪಿನ್ನು. ನೆಉರಾಸಿಯ ತಂಗಿ ಇದ್ದ ಬೀದಿಯ ಮೇಲೆ ಒಂದು ಪಿನ್ನು ನೆಟ್ಟಿತ್ತು. ನದಿಯಾಚೆ ಬರಿ ಹಸಿರು ಬಣ್ಣ.

"ಸ್ವಾಮಿ, ನಮ್ಮ ಕೇರಿ ಎಲ್ಲಿ?"

"ಅಲ್ಲಿ ಕಾಡಲ್ವೇನಮ್ಮ?"

"ಆ ಕಾಡಲ್ಲಿ ಒಂಬತ್ತು ವರ್ಷದಿಂದ ಅನ್ನ ಬೇಯಿಸ್ತಾ ಇದೀನಿ. ನೀವು ನೊಣಕ್ಕೆ ಔಷಧಿ ಹೊಡೆದದ್ದು ಆ ಪಿನ್ನು ನೆಟ್ಟಿರೋ ಬೀದಿಗೆ. ಜ್ವರ ಬಂದದ್ದು ನಮ್ಮಲ್ಲಿ."

ಅನೀಸಿಯೊ ಕನ್ನಡಕ ತೆಗೆದು ಒರೆಸಿದ. "ಅದು ಒತ್ತುವರಿ ಜಾಗ. ನಂಬರಿಲ್ಲದ ಮನೆಗಳಿಗೆ ತಂಡ ಕಳಿಸೋಕಾಗಲ್ಲ."

"ಮರಳುನೊಣ ಹಕ್ಕುಪತ್ರ ನೋಡಿ ಕಚ್ಚುತ್ತಾ?"

ಪಕ್ಕದ ಮೇಜಿನವಳು ನಗು ತಡೆಯಲಾರದೆ ಮುಖ ತಿರುಗಿಸಿದಳು.

ಆ ಭಾನುವಾರ ಜುಸಾರ ಒಂದು ಬಕೆಟ್ ಸುಣ್ಣ ಕಲಸಿಕೊಂಡು ಮೊದಲು ತನ್ನ ಬಾಗಿಲ ಮೇಲೇ "ಒಂದು" ಎಂದು ಬರೆದಳು. ನೆಉರಾಸಿ ಅಡ್ಡ ಬಂದಳು.

"ಅಕ್ಕಾ, ನಂಬರ್ ಹಾಕಿದ್ರೆ ಮನೆ ಕೆಡವೋರಿಗೆ ನಾವೇ ದಾರಿ ತೋರಿಸಿದ ಹಾಗಲ್ವಾ?"

"ಕೆಡವೋರಿಗೆ ನಂಬರ್ ಬೇಕಾಗಿಲ್ಲ ಕಣೇ. ಡಾಕ್ಟ್ರಿಗೆ ಬೇಕು. ಸರಿ, ಆ ಬಕೆಟ್ ಹಿಡ್ಕೊ."

ಕತ್ತಲಾಗುವ ಹೊತ್ತಿಗೆ ನೂರ ನಲವತ್ತಮೂರು ಬಾಗಿಲುಗಳು ಮುಗಿದಿದ್ದವು. ಬೇಡವೆಂದು ಬಾಗಿಲು ಹಾಕಿಕೊಂಡವರ ಗೋಡೆಗೂ ಅವಳು ಬಿಡದೆ ಬರೆದಳು.

ಮುಂದಿನ ಮಗುವನ್ನು ಕರೆದೊಯ್ದಾಗ ಗುಮಾಸ್ತ ಪೆನ್ನು ಕೆಳಗಿಟ್ಟ. "ಇಂಥ ಜಾಗ ನಮ್ಮ ಪಟ್ಟಿಯಲ್ಲೇ ಇಲ್ಲ. ಹಿಂದೆ ಎಷ್ಟು ಜನ ನಿಂತಿದಾರೆ ನೋಡಿ."

"ನಿಂತಿರಲಿ, ನಾನೂ ನಿಂತಿರ್ತೀನಿ. ಬರೀರಿ: ತುಕುಂ, ಮನೆ ಮೂವತ್ತೇಳು."

ಅವನು ಬರೆದ. ನವೆಂಬರ್ ಹೊತ್ತಿಗೆ ತುಕುಂ ಎಂಬ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಒಂಬತ್ತು ಸಲ ಬಂದಿತ್ತು. ಅರವತ್ತೆರಡನೇ ಮನೆಯ ಹಸುಗೂಸು ಅಷ್ಟರಲ್ಲೇ ತೀರಿಕೊಂಡಿತ್ತು. ಆಗ ಅನೀಸಿಯೊ ಖುದ್ದಾಗಿ ಜೀಪಿನಲ್ಲಿ ಬಂದ. ಅವನ ಜೊತೆ ಬಂದವರು, ಮರಳುನೊಣ ರೋಗವನ್ನು ನಾಯಿಗಳಿಂದಲೇ ಮಕ್ಕಳಿಗೆ ತರುತ್ತದೆಂದು ಹೇಳಿ, ಕೇರಿಯ ನಾಯಿಗಳ ಕಿವಿ ಚುಚ್ಚಿ ರಕ್ತ ತೆಗೆದುಕೊಂಡು ಹೋದರು. ಮೂರು ವಾರದ ಮೇಲೆ ಜೀಪು ಮತ್ತೆ ಬಂತು. ಹದಿನೇಳು ನಾಯಿಗಳಲ್ಲಿ ರೋಗವಿತ್ತು, ಅವನ್ನು ಒಯ್ದು ಸಾಯಿಸಬೇಕಿತ್ತು. ಜುಸಾರಳ ನಾಯಿ ಪಿತೊಂಬನೂ ಅವುಗಳಲ್ಲಿ ಒಂದು.

"ರಕ್ತಪರೀಕ್ಷೆ ಚೀಟಿ ತೋರಿಸಿ," ಎಂದಳು. ಅನೀಸಿಯೊ ತೋರಿಸಿದ. ಅವಳು ಎರಡು ಸಲ ಓದಿದಳು. ಪಿತೊಂಬನ ಕಣ್ಣಸುತ್ತ ಕೂದಲು ಉದುರಿದ್ದನ್ನೂ ಉಗುರು ಕೊಕ್ಕೆಯಂತೆ ಬೆಳೆದದ್ದನ್ನೂ ಅವಳು ಮೊದಲೇ ಕಂಡಿದ್ದಳು, ಕಂಡೂ ಕಾಣದಂತಿದ್ದಳು. ಬೇರೆಯವರು ಮುಟ್ಟಲು ಬಿಡದೆ ತಾನೇ ಎತ್ತಿ ಜೀಪಿನಲ್ಲಿ ಕೂರಿಸಿದಳು. ಅದು ಅವಳ ಮೊಣಕೈ ನೆಕ್ಕಿತು.

ಆಮೇಲೆ ಹೋಗಿ ಜೀಪಿನ ಮುಂದೆ ನಿಂತುಬಿಟ್ಟಳು. ಕೆನ್ನೆ ಒದ್ದೆಯಾಗಿತ್ತು, ದನಿ ಮಾತ್ರ ಅಲುಗಲಿಲ್ಲ.

"ನಮ್ಮದು ನಾವು ಕೊಟ್ಟೆವು. ಈಗ ನಿಮ್ಮದು ಕೊಡಿ. ಔಷಧಿ ಹೊಡೆಯೋದು ಯಾವತ್ತು? ನೊಣ ಹುಟ್ಟೋ ಈ ಕಸದ ಗುಡ್ಡೆ ಎತ್ತೋದು ಯಾವತ್ತು?"

"ಮೇಲಿನವರನ್ನ ಕೇಳ್ಬೇಕು, ತಾಯಿ."

"ಕೇಳಿ ತಾರೀಖು ಬರ್ಕೊಡಿ. ಇಲ್ಲಾಂದ್ರೆ ನನ್ನನ್ನೂ ಜೀಪಿಗೆ ಹಾಕ್ಕೊಂಡು ಹೋಗಿ."

ಅವಳ ಹಿಂದೆ ಒಬ್ಬೊಬ್ಬರಾಗಿ ತಾಯಂದಿರು ಬಂದು ನಿಂತರು. ಅನೀಸಿಯೊ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ತಾರೀಖು ಬರೆದು ರುಜು ಹಾಕಿದ.

ಆ ತಾರೀಖಿಗೆ ಯಾರೂ ಬರಲಿಲ್ಲ. ಅಂದಿನಿಂದ ದಿನವೂ ಅಡುಗೆ ಮುಗಿಸಿ ಜುಸಾರ ಕಚೇರಿಗೆ ಹೋಗಿ, ಅನೀಸಿಯೊನ ಎದುರಿನ ಕುರ್ಚಿಯಲ್ಲಿ ಕಾಗದ ಹಿಡಿದು ಕೂತಳು. ಮಾತಿಲ್ಲ, ಕತೆಯಿಲ್ಲ. ಹನ್ನೆರಡನೇ ದಿನ ಔಷಧಿಯ ತಂಡ ನದಿ ದಾಟಿತು. ಕಸದ ಲಾರಿ ಅದರ ಬೆನ್ನಿಗೇ ಬಂತು. ಅನೀಸಿಯೊ ನಕ್ಷೆಯ ಹಸಿರಿನ ಮೇಲೆ ಪೆನ್ನಿನಲ್ಲೇ ತುಕುಂ ಎಂದು ಬರೆದು, ಕೇರಿಯವರ ಪಿನ್ನುಗಳನ್ನು ಪೇಟೆಯ ಬೀದಿಗಳಿಂದ ಕಿತ್ತು ಅಲ್ಲಿಗೆ ನೆಟ್ಟ.

ರೋಗ ಪೂರ್ತಿ ಹೋಗಲಿಲ್ಲ. ಮರುವರ್ಷ ಮೂರು ಮಕ್ಕಳಿಗೆ ಬಂತು. ಜ್ವರ ಹಿಡಿದ ಎರಡೇ ವಾರದಲ್ಲಿ ಮೂವರಿಗೂ ಇಂಜೆಕ್ಷನ್ ಶುರುವಾಗಿತ್ತು, ಮೂವರೂ ಬದುಕಿದರು. ನಾಯಿ ಕಳೆದುಕೊಂಡ ಮನೆಗಳಲ್ಲಿ ಮತ್ತೆ ಮರಿಗಳು ಕುಂಯ್‌ಗುಟ್ಟತೊಡಗಿದವು. ನೆಉರಾಸಿಯೂ ಒಂದನ್ನು ಬಟ್ಟೆಯಲ್ಲಿ ಮುಚ್ಚಿ ತಂದಾಗ ಜುಸಾರ ಬೀದಿಯಲ್ಲೇ ತಡೆದಳು.

"ಸಾಕ್ಕೋ, ಬೇಡ ಅನ್ನಲ್ಲ. ಆದ್ರೆ ಮೊದಲು ನೊಣ ಸೇರೋ ಆ ಕೋಳಿಗೂಡನ್ನ ನಿನ್ನ ಮಗು ಮಲಗೋ ಗೋಡೆಯಿಂದ ಕಿತ್ತಾಕು."

"ನಾಳೆ ಕೀಳ್ತೀನಿ ಅಕ್ಕಾ."

"ನಾಳೆ ಅನ್ನೋದನ್ನ ಆ ಕಚೇರಿಯೋರ ಬಾಯಲ್ಲಿ ಬೇಕಾದಷ್ಟು ಕೇಳಿದೀನಿ. ನಡಿ, ನಾನೂ ಬರ್ತೀನಿ," ಎಂದು ಜುಸಾರ ಹಾರೆ ತರಲು ಒಳಗೆ ಹೋದಳು.